ಗೋಡೆಜೋಳ

ಹಗೇವಿನ ಗೋಡೆಗೆ ಆತುಕೊಂಡು ವರ್ಷಗಟ್ಟಲೆ ಕುಳಿತ ಜೋಳಕ್ಕೆ ಒಂದು ವಾಸನೆ ಇರುತ್ತದೆ. ಹಸಿ ಮಣ್ಣು, ಕೊಳೆತ ಹುಲ್ಲು, ಮುಚ್ಚಿಟ್ಟ ಗಾಳಿ ಒಂದಾಗಿ ಹುಟ್ಟಿದ ವಾಸನೆ ಅದು. ತೊಳೆದರೆ ಹೋಗುವುದಿಲ್ಲ. ಬಿಸಿಲಿಗೆ ಹರವಿದರೆ ಕಡಿಮೆಯಾದಂತೆ ತೋರುತ್ತದೆ. ಹಂಚಿನ ಮೇಲೆ ರೊಟ್ಟಿ ಉಬ್ಬುವ ಹೊತ್ತಿಗೆ ಮತ್ತೆ ಎದ್ದು ಬರುತ್ತದೆ. ಯಾರಾದರೂ ವೇದಿಕೆಯ ಮೇಲೆ ನಿಂತು ಶ್ರೀಮಂತರ ದಾನಧರ್ಮವನ್ನು ಹೊಗಳತೊಡಗಿದರೆ ನನ್ನ ಮೂಗಿಗೆ ಮೊದಲು ಬರುವುದು ಆ ವಾಸನೆಯೇ.

ನಮ್ಮ ಸೀಮೆ ಕಾಣದವರಿಗೆ ಹಗೇವನ್ನು ವಿವರಿಸಬೇಕು. ಅದು ನೆಲದೊಳಗಿನ ಕಣಜ. ಗಟ್ಟಿ ಗರಸಿನ ನೆಲ ನೋಡಿ, ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ ಬಿಟ್ಟು, ಒಳಗೆ ಹೊಟ್ಟೆ ಅಗಲಿಸಿ ತೋಡುತ್ತಾರೆ. ಗೋಡೆಗೂ ತಳಕ್ಕೂ ಕಣಿಕೆ ಹುಲ್ಲು ಒತ್ತಿ, ಜೋಳ ಸುರಿದು, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಾರೆ. ಒಳಗಿನ ಕಾಳು ಎಷ್ಟು ವರ್ಷವಾದರೂ ಕೆಡುವುದಿಲ್ಲವೆಂದು ನಮ್ಮ ಕಡೆ ಎಲ್ಲರೂ ಹೆಮ್ಮೆಪಡುತ್ತಾರೆ. ಅದು ಅರ್ಧ ಸತ್ಯ. ಕೆಡದಿರುವುದು ನಡುವಿನ ಜೋಳ ಮಾತ್ರ. ನೆಲದ ತೇವವನ್ನೆಲ್ಲ ಗೋಡೆಯ ಪಕ್ಕದ ಕಾಳು ತಾನು ಹೀರಿಕೊಂಡು ನಡುವಿನದನ್ನು ಒಣಗಿಟ್ಟು ಕಾಯುತ್ತದೆ. ಕಪ್ಪಗಾಗಿ, ಮುಗ್ಗಿ, ಹೆಂಟೆಗಟ್ಟಿ ಕುಳಿತ ಆ ಕಾಳಿಗೆ ನಮ್ಮ ಮನೆಯಲ್ಲಿ ಗೋಡೆಜೋಳ ಎಂದು ಹೆಸರು.

ನಮ್ಮದು ವಿಜಾಪುರದ ಪೇಟೆಯಲ್ಲಿ ಅಡತಿ ಅಂಗಡಿ, ರೈತರ ಕಾಳುಕಡಿ ದಲಾಲಿಗೆ ಮಾರಿಕೊಡುವ ವ್ಯಾಪಾರ. ತಿಕೋಟಾದಲ್ಲಿ ವಾಡೆ ಎನ್ನುವ ದೊಡ್ಡ ಮನೆ, ಹೊಲ, ಎರಡು ಹಗೇವು. ಅಪ್ಪ ವಾರವೆಲ್ಲ ಅಂಗಡಿಯ ಗಾದಿಯ ಮೇಲೆ ಕೂತು ವ್ಯಾಪಾರ ಮಾಡುವರು. ತಿಕೋಟಾದ ವಾಡೆಯನ್ನು ಆಳುತ್ತಿದ್ದವಳು ಆಯಿ, ಅಂದರೆ ಅಪ್ಪನ ತಾಯಿ. ಐವತ್ತರ ದಶಕದ ಕೊನೆಯಲ್ಲಿ, ನಾನಿನ್ನೂ ಪರಕಾರ ಉಡುವ ಹುಡುಗಿಯಾಗಿದ್ದಾಗ, ಹಗೇವು ತೆಗೆಯುವ ದಿನ ಬಂತೆಂದರೆ ಇಡೀ ಮನೆ ವಿಜಾಪುರದಿಂದ ತಿಕೋಟಾಕ್ಕೆ ಹೊರಡುತ್ತಿತ್ತು. ಹೊಸ ಜೋಳ ಕಣದಲ್ಲಿ ರಾಶಿ ಬೀಳುವ ಮುಂಚೆ ಹಳೆಯದನ್ನು ಮೇಲೆ ತರಬೇಕು. ಮುಂಜಾನೆ ಚಪ್ಪಡಿ ಸರಿಸಿ, ಒಳಗಿನ ಕೆಟ್ಟ ಗಾಳಿ ಹೋಗಲೆಂದು ಬಹಳ ಹೊತ್ತು ಬಾಯಿ ತೆರೆದಿಡುತ್ತಿದ್ದರು. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸುವರು. ದೀಪ ಆರಿದರೆ ಮತ್ತೆ ಕಾಯುವುದು. ಆರದಿದ್ದರೆ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಒಬ್ಬ ಇಳಿಯುವನು. ಇಳಿಯುವವನು ಯಾವಾಗಲೂ ಊರ ಪಡುವಣ ಕೇರಿಯವನು. ಆ ಕೆಲಸ ಆ ಕೇರಿಗೆ ಸೇರಿದ್ದು ಎಂದು ಯಾರು ಯಾವಾಗ ಹೇಳಿದ್ದರೋ ತಿಳಿಯದು. ಹೇಳುವ ಅಗತ್ಯವೇ ಇಲ್ಲದಷ್ಟು ಅದು ಹಳೆಯದಾಗಿತ್ತು.

ನಡುವಿನ ಬಿಳಿ ಜೋಳವೆಲ್ಲ ಚೀಲ ತುಂಬಿ ಒಳಗೆ ಹೋದ ಮೇಲೆ ಗೋಡೆ ಕೆರೆದು ತೆಗೆದ ಜೋಳ ವಾಡೆಯ ಮುಂದಿನ ಕಟ್ಟೆಯ ಮೇಲೆ ಗುಡ್ಡೆ ಬೀಳುತ್ತಿತ್ತು. ಆಗ ದಾನದ ಹೊತ್ತು. ಆಯಿ ಕಟ್ಟೆಯ ಮೇಲೆ ಕಾಳು ಕೇರುವ ಮೊರ ಹಿಡಿದು ನಿಲ್ಲುವಳು. ಪಕ್ಕದಲ್ಲಿ ರುಮಾಲು ಸುತ್ತಿದ ಅಪ್ಪ. ಕೆಳಗೆ, ಮುಂಜಾನೆಯಿಂದ ಹಗ್ಗ ಜಗ್ಗಿದ, ಬುಟ್ಟಿ ಹೊತ್ತ ಹೆಂಗಸರು ಸಾಲಾಗಿ ಬಂದು ಸೆರಗೊಡ್ಡುವರು. ಆಯಿ ಮೇಲಿನಿಂದ ಸುರಿಯುವಳು. ಬೇರೆ ಕೂಲಿ ಎಂಬುದು ಇರಲಿಲ್ಲ. ‘ಸಾವ್ಕಾರ್ರ ಮನಿ ಕೈ ದೊಡ್ಡದು’ ಎಂದು ಊರವರು ಅನ್ನುತ್ತಿದ್ದರು. ನನಗೂ ಹಾಗೆಯೇ ಕಾಣುತ್ತಿತ್ತು.

ಹಗೇವಿಗೆ ಇಳಿಯುವವನ ಮಗಳು ನನ್ನ ಓರಗೆಯವಳು. ಹಿರಿಯರ ಕಣ್ಣು ತಪ್ಪಿಸಿ ನಾವಿಬ್ಬರೂ ಕೇರಿಯ ಬಾಯಲ್ಲಿದ್ದ ಬೇವಿನ ಮರದ ಕೆಳಗೆ ಆಡುತ್ತಿದ್ದೆವು. ಒಂದು ಮಧ್ಯಾಹ್ನ ಅವಳು ಅರಿವೆಯ ಗಂಟಿನಿಂದ ರೊಟ್ಟಿ ಬಿಚ್ಚಿ, ಕೆಂಪು ಖಾರ ಹಚ್ಚಿ, ಅರ್ಧ ಮುರಿದು ನನಗೆ ಕೊಟ್ಟಳು. ಬಾಯಿಗಿಟ್ಟೆ. ಹಗೇವಿನ ಬಾಯಿ ತೆರೆದಾಗ ಏಳುವ ಅದೇ ವಾಸನೆ. ಅವಳು ಸಹಜವಾಗಿ ತಿನ್ನುತ್ತಿದ್ದಳು. ಮನೆಗೆ ಬಂದು ಆಯಿಯನ್ನು ಕೇಳಿದೆ: “ಅವರ ರೊಟ್ಟಿ ಯಾಕ ಹಗೇವಿನ ವಾಸನಿ ಹೊಡೀತೈತಿ?”

ಆಯಿ ಮೊದಲು ನನ್ನ ರಟ್ಟೆ ಹಿಡಿದು ಹಿತ್ತಲಿಗೆ ಎಳೆದೊಯ್ದು ತಲೆಯ ಮೇಲೆ ನೀರು ಸುರಿದಳು. ಆ ಕೇರಿಯ ಅನ್ನ ಮುಟ್ಟಿದ್ದಕ್ಕೆ ಅದು ಶುದ್ಧಿ. ಮೈ ಒರೆಸುವಾಗ ಉತ್ತರ ಹೇಳಿದಳು: “ಅವರಿಗೆ ರೂಢಿ ಐತಿ.”

ಈ ಒಂದು ಮಾತಿನೊಂದಿಗೆ ನನ್ನ ಜಗಳ ಅಂದಿನಿಂದ ನಡೆದೇ ಇದೆ. ಬಿಸಿಲಲ್ಲಿ ಬರಿಗಾಲಲ್ಲಿ ನಡೆಯುವುದು ಅವರಿಗೆ ರೂಢಿ. ಕಟ್ಟೆಯ ಕೆಳಗೆ ನಿಲ್ಲುವುದು ರೂಢಿ. ಮುಗ್ಗಿದ್ದನ್ನು ತಿನ್ನುವುದು ರೂಢಿ. ರೂಢಿ ಎಂದೊಡನೆ ಮಾಡಿದವನ ಹೆಸರು ಅಳಿಸಿಹೋಗುತ್ತದೆ. ತಾನಾಗಿ ಬೆಳೆದ ಕಸದಂತೆ ಅದು ಕಾಣತೊಡಗುತ್ತದೆ. ಆದರೆ ಯಾವ ರೂಢಿಯನ್ನೂ ಮಳೆ ತಂದು ಸುರಿದಿಲ್ಲ. ಯಾರೋ ಕೊಟ್ಟರು, ಕೊಟ್ಟವರಿಗೆ ಅದು ಅಗ್ಗವಾಗಿತ್ತು, ಅದಕ್ಕೇ ಅದು ಉಳಿಯಿತು.

ಅರವತ್ತರ ದಶಕ ಮೊದಲಾದ ಮೇಲೆ ನಾನು ಧಾರವಾಡಕ್ಕೆ ಓದಲು ಹೋದೆ. ಅಲ್ಲಿ ಚರ್ಚಾಕೂಟಗಳಲ್ಲಿ ಸಂಪತ್ತಿನ ಹೊಣೆಯ ಬಗ್ಗೆ ಬೆಂಕಿಯಂತೆ ಮಾತಾಡುತ್ತಿದ್ದೆ. ‘ದಾಸೋಹ’ ಎಂದರೆ ಕೊಡುವವನೇ ಬಾಗಿ ನಿಲ್ಲುವುದು. ‘ದಾನ’ ಎಂದರೆ ಪಡೆಯುವವನನ್ನು ಬಾಗಿಸುವುದು ಎಂದು ವಾರಪತ್ರಿಕೆಯೊಂದಕ್ಕೆ ಬರೆದೆ. ಅಪ್ಪ ಆ ಲೇಖನವನ್ನು ಅಂಗಡಿಗೆ ಬಂದ ವರ್ತಕರಿಗೆಲ್ಲ ಓದಿ ಹೇಳಿ ಚಹಾ ಕುಡಿಸಿದರಂತೆ. ‘ನಮ್ಮ ಹುಡುಗಿ ಶ್ರೀಮಂತರಿಗೆ ಛಲೋ ಬಿಸಿ ಮುಟ್ಟಿಸ್ಯಾಳ’ ಎಂದು ಅವರಿಗೆ ಅಭಿಮಾನ. ಆ ಶ್ರೀಮಂತರು ಬೇರೆ ಯಾರೋ ಎಂದು ಅವರು ತಿಳಿದಿದ್ದರು. ಪ್ರಾಮಾಣಿಕವಾಗಿ ತಿಳಿದಿದ್ದರು, ಅದೇ ಕಷ್ಟ. ಅಪ್ಪ ಕ್ರೂರಿಯಲ್ಲ. ಬೇಸಿಗೆಯಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಅರವಟ್ಟಿಗೆ ಇಡಿಸುವರು. ಬಬಲೇಶ್ವರದಲ್ಲಿ ಹೊಸ ಶಾಲೆ ಏಳುವಾಗ ಅದರ ಅಂಗಳಕ್ಕೂ ಪಡಸಾಲೆಗೂ ಬೇಕಾದ ಫರಸಿ ಕಲ್ಲನ್ನೆಲ್ಲ ತಾವೇ ಕೊಡಿಸಿದ್ದರು. ಕೇಳದವರಿಗೆ ಕೊಡುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಕೇಳಿದವರನ್ನು ಕಂಡರೆ ಮಾತ್ರ ಅವರ ಹುಬ್ಬು ಗಂಟಾಗುತ್ತಿತ್ತು.

ಅಷ್ಟರಲ್ಲಿ ಪಡುವಣ ಕೇರಿಯ ಮನೆಯವರು ಬೌದ್ಧರಾಗಿದ್ದರು. ಗೋಡೆಯ ಮೇಲೆ ಬುದ್ಧನ ಪಟ ಬಂತು. ಹಬ್ಬದ ಮರುದಿನ ಉಳಿದ ಅಡುಗೆಗೆ ಬಾಗಿಲಿಗೆ ಬರುವುದನ್ನು ಅವರು ನಿಲ್ಲಿಸಿದರು. ಬಿಟ್ಟಿ ಕೆಲಸ ನಿಲ್ಲಿಸಿದರು. ನನ್ನ ಗೆಳತಿ ತಡವಾಗಿಯಾದರೂ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿ, ವಿಜಾಪುರದಲ್ಲಿ ಶಿಕ್ಷಕಿಯ ತರಬೇತಿಗೆ ಸೇರಿದಳು. ಅವಳ ಓದಿನ ಖರ್ಚು ನಡೆಯುತ್ತಿದ್ದುದು ಅವಳ ತಾಯಿ ನಮ್ಮ ಹೊಲದಲ್ಲಿ ದುಡಿದ ಕೂಲಿಯಿಂದ. ಹಗೇವಿನ ಕೆಲಸವೊಂದು ಮಾತ್ರ ಹಳೆಯ ರೀತಿಯಲ್ಲೇ ಉಳಿದಿತ್ತು: ಇಳಿಯುವುದು, ಕೆರೆಯುವುದು, ಸೆರಗೊಡ್ಡುವುದು.

ನಾನು ಎಂ.ಎ. ಮುಗಿಸಿ ವಿಜಾಪುರದ ಕಾಲೇಜೊಂದರಲ್ಲಿ ಪಾಠ ಹೇಳತೊಡಗಿದ ವರ್ಷ ದೊಡ್ಡ ಹಗೇವು ತೆಗೆದರು. ಕಟ್ಟೆಯ ಮೇಲೆ ಗೋಡೆಜೋಳದ ಗುಡ್ಡೆ. ಆಯಿಯ ಕೈಯಲ್ಲಿ ಮೊರ. ಸಾಲಿನ ಮೊದಲಲ್ಲಿ ನನ್ನ ಗೆಳತಿಯ ತಾಯಿ ನಿಂತಿದ್ದಳು. ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿದ್ದಳು.

“ಸೆರಗ ಒಡ್ಡ ಬೇ,” ಎಂದಳು ಆಯಿ.

“ಇಲ್ರಿ ಅವ್ವಾರ. ಈ ಸಲ ಗ್ವಾಡೀದು ಬ್ಯಾಡ್ರಿ. ನಮ್ಮ ಮನಿಯಂವ ಒಳಗ ಇಳದಾನ, ನಾ ಮುಂಜಾನಿಂದ ಬುಟ್ಟಿ ಜಗ್ಗೀನಿ. ಮಾಡಿದ ಕೆಲಸಕ್ಕ ಕೂಲಿ ಕೊಡ್ರಿ. ನಡುವಿನ ಜ್ವಾಳದಾಗ ಕೊಡ್ರಿ.”

ಅಪ್ಪನ ಕಾರಭಾರಿ, ಹೊಲಮನೆಯ ಉಸ್ತುವಾರಿ ನೋಡುವವನು, ಮುಂದೆ ಬಂದ. “ಏನ್ ಬೇ, ಇಷ್ಟು ವರ್ಷ ಇದನ್ನ ತಿಂದಿ. ಈಗ ನಾಲಿಗಿ ಮ್ಯಾಲೆ ಮುಳ್ಳು ಎದ್ದಾವೇನು?”

“ತಿಂದೀನ್ರಿ, ಅದಕ್ಕ ಹೇಳಾಕತ್ತೇನಿ. ತಿನ್ನದಾವ್ರು ಹೇಳಿದ್ರ ನೀವು ನಂಬತಿದ್ರೇನು?”

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅಪ್ಪನ ಮುಖ ಕೆಂಪಾಯಿತು. “ನಾ ದಾನ ಕೊಡಾಕತ್ತೇನಿ. ಬ್ಯಾಡ ಆದ್ರ ಬಿಡು.”

“ದಾನ ಬ್ಯಾಡ ಅಂತನ ಅನ್ನಾಕತ್ತೇನ್ರಿ ಸಾವ್ಕಾರ್ರ. ಕೂಲಿ ಬೇಕು ಅನ್ನಾಕತ್ತೇನಿ.”

ಅವಳು ತಿರುಗಿ ನಡೆದಳು. ಸಾಲಿನಲ್ಲಿದ್ದ ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಹಿಂದೆ ಹೋದರು. ಕಾರಭಾರಿ ಎಲ್ಲರಿಗೂ ಕೇಳುವಂತೆ, “ನಾಳಿಂದ ಆ ಕೇರಿಯವರಿಗೆ ನಮ್ಮ ಹೊಲದಾಗ ಕೆಲಸಿಲ್ಲ,” ಎಂದ. ಅಪ್ಪ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಉಳ್ಳವರ ಮನೆಯಲ್ಲಿ ಮೌನವೇ ರುಜು. ಕಣದ ಕೆಲಸ ಇನ್ನೂ ಬಾಕಿ ಇತ್ತು, ಬೇಸಿಗೆ ಮುಂದೆ ಇತ್ತು, ಮಗಳ ತರಬೇತಿಯ ಕೊನೆಯ ವರ್ಷ ಮುಗಿದಿರಲಿಲ್ಲ. ಒಂದು ಮಾತು ಕೇಳಿದ್ದಕ್ಕೆ ಆ ಹೆಂಗಸಿನ ವರ್ಷವೆಲ್ಲ ಬಿದ್ದುಹೋಗುವುದರಲ್ಲಿತ್ತು.

ಪಡಸಾಲೆಯಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ ಅಪ್ಪನ ಎದುರು ಹೋಗಿ ನಿಂತೆ.

“ಕೆಲಸ ಬಂದ್ ಮಾಡಿದ್ದು ನೀವೋ, ಕಾರಭಾರಿಯೋ?”

“ಯಾರು ಅಂದ್ರೂ ಒಂದ.”

“ಹಂಗಾರ ಉತ್ತರ ನೀವ ಕೊಡಬೇಕು.”

“ಯಾರಿಗೆ?”

“ಮೊದ್ಲ ನನಗ. ಆಮ್ಯಾಲೆ ಆಕಿಗೆ.”

ಅಪ್ಪ ನಕ್ಕರು. “ನಮ್ಮ ಜ್ವಾಳದಾಗ ಓದಿ ನಮಗ ಪ್ರಶ್ನಿ ಕೇಳೂದು. ಧಾರವಾಡದಾಗ ಇದನ ಕಲಿಸ್ಯಾರೇನು?”

“ನಮ್ಮ ಜ್ವಾಳ ನೆಲದಾಗಿಂದ ಮ್ಯಾಲೆ ತಂದಾವ್ರು ಯಾರು ಅನ್ನೂದ ಪ್ರಶ್ನಿ.”

“ಸಾಲಿಗೆ ಫರಸಿ ಕೊಟ್ಟಾವ್ರು ಯಾರು? ಅರವಟ್ಟಿಗಿ ಇಡಾವ್ರು ಯಾರು? ಅದು ನಿನ್ನ ಕಣ್ಣಿಗೆ ಬೀಳೂದಿಲ್ಲೇನು?”

“ಬೀಳತೈತಿ. ಅದು ನೀವು ಮನಸ್ಸು ಬಂದು ಕೊಟ್ಟದ್ದು. ಇದು ನೀವು ಕೊಡಬೇಕಾದದ್ದು. ಅದನ್ನ ತೋರಿಸಿ ಇದನ್ನ ಮುಚ್ಚಾಕ ಬರೂದಿಲ್ಲ. ಗ್ವಾಡಿಜ್ವಾಳ ಒಳಗಿಟ್ಟರ ಹುಳ ಬೀಳತಾವ ಅಂತ ಹೊರಗ ಹಾಕತೀವಿ. ಅದು ದಾನ ಅಲ್ಲಪ್ಪಾ, ಹಗೇವು ಸ್ವಚ್ಛ ಮಾಡೂದು.”

ಅಪ್ಪ ಎದ್ದು ಹೊರಗೆ ಹೋದರು. ಒಳಗಿನಿಂದ ಆಯಿ, “ಭಾಳ ಓದಿದ್ದು ಒಮ್ಮಿಗೆ ಜೀರ್ಣ ಆಗೂದಿಲ್ಲ, ಸ್ವಲ್ಪ ಜೀರಗಿ ನೀರು ಕುಡಿ,” ಎಂದಳು.

ಮರುದಿನ ಬಬಲೇಶ್ವರದಿಂದ ಶಾಲೆಯ ಕಮಿಟಿಯ ಹಿರಿಯರು ಬಂದರು. ಕಟ್ಟಡದ ಉದ್ಘಾಟನೆಗೆ ಅಪ್ಪನನ್ನು ಕರೆದು ಶಾಲು ಹೊದಿಸುವ ಬಯಕೆ ಅವರದು. ಹಗೇವು ತೆಗೆದ ಮೇಲೆ ಬರುವ ಮೊದಲ ಅತಿಥಿಗಳಿಗೆ ನಡುವಿನ ಜೋಳದ ರೊಟ್ಟಿ ಬಡಿಸುವುದು ನಮ್ಮ ವಾಡೆಯ ದೊಡ್ಡಸ್ತಿಕೆ. ಕಟ್ಟೆಯ ಮೇಲಿನ ಚೀಲದಿಂದ ಜೋಳ ತೆಗೆದು ಗಿರಣಿಗೆ ಕಳಿಸೆಂದು ಆಯಿ ಹಿಂದಿನ ಸಂಜೆಯೇ ಅಡುಗೆಯವಳಿಗೆ ಹೇಳಿದ್ದಳು. ಕಟ್ಟೆಯ ಮೇಲೆ ಆಗ ಇದ್ದವು ಎರಡು ಚೀಲ. ಒಂದು, ಅತಿಥಿಗಳಿಗೆಂದು ಆಯಿ ತೆಗೆದಿರಿಸಿದ ಬಿಳಿ ಜೋಳ. ಇನ್ನೊಂದು, ಯಾರೂ ಒಯ್ಯದೆ ಉಳಿದು, ಆಳುಗಳು ತುಂಬಿಟ್ಟ ಗೋಡೆಜೋಳ. ಹೊರಗೆ ಹೋಗಬೇಕಾದ ಜೋಳ ಕಟ್ಟೆಯ ಮೇಲೆಯೇ ಉಳಿಯಬಹುದೆಂಬುದು ಆ ಮನೆಯಲ್ಲಿ ಯಾರ ತಲೆಯಲ್ಲೂ ಇರಲಿಲ್ಲ. ಎಂದೂ ಉಳಿದದ್ದೇ ಇಲ್ಲವಲ್ಲ. ಅಡುಗೆಯವಳು ಕೈಗೆ ಹತ್ತಿರವಿದ್ದ ಚೀಲ ಬಿಚ್ಚಿದಳು. ಸಂಜೆಗತ್ತಲಲ್ಲಿ ಬಣ್ಣ ಕಾಣಲಿಲ್ಲ. ಅವಳಿಗೆ ಆ ದಿನ ನೆಗಡಿಯೂ ಇತ್ತಂತೆ.

ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ನಾನೇ ರೊಟ್ಟಿ ಬಡಿಸಿದೆ. ಬುಟ್ಟಿಯ ಅರಿವೆ ತೆಗೆದೊಡನೆ ನನಗೆ ಗೊತ್ತಾಯಿತು. ಬೇವಿನ ಮರದ ನೆರಳು ಮೂಗಿಗೆ ಬಂದಂತಾಯಿತು. ಸುಮ್ಮನೆ ಬಡಿಸಿದೆ. ಹಿರಿಯರು ಮೊದಲ ತುತ್ತಿಗೆ ಪಲ್ಯ ಹೆಚ್ಚು ಹಚ್ಚಿಕೊಂಡರು, ಎರಡನೆಯದಕ್ಕೆ ಮೊಸರು. ಒಬ್ಬರು, “ತಪ್ಪು ತಿಳೀಬ್ಯಾಡ್ರಿ, ನನಗ ಹಲ್ಲಿಲ್ಲ, ನಾ ಅನ್ನನ ಉಣ್ತೀನಿ,” ಎಂದರು. ಅವರ ಬಾಯಲ್ಲಿ ಹಲ್ಲು ಸಾಲುಸಾಲಾಗಿ ಹೊಳೆಯುತ್ತಿದ್ದವು. ಪಕ್ಕದವರು ವಿನೋದದ ಮನುಷ್ಯ. “ಸಾವ್ಕಾರ್ರ, ನಿಮ್ಮ ರೊಟ್ಟಿ ಈಗ ನೆಲದಾಗಿಂದ ಎದ್ದು ಬಂದು ಗಂಗಾಳದಾಗ ಕುಂತಂಗೈತಿ,” ಎಂದರು. ಅಪ್ಪ ತಮ್ಮ ಗಂಗಾಳದ ರೊಟ್ಟಿ ಮುರಿದು ಬಾಯಿಗಿಟ್ಟರು. ಅಗಿಯುವುದು ನಿಂತಿತು.

“ಇದು ಗ್ವಾಡಿಜ್ವಾಳ,” ಎಂದೆ. “ನಿನ್ನೆ ಆಕಿ ಬ್ಯಾಡ ಅಂದದ್ದು.”

ಅತಿಥಿಗಳು ನೆಲ ನೋಡಿದರು. ಅಪ್ಪ ನನ್ನನ್ನು ನೋಡಲಿಲ್ಲ, ಬೇರೆ ರೊಟ್ಟಿ ತರಿಸಲಿಲ್ಲ. ಆ ರೊಟ್ಟಿಯನ್ನು ಕೊನೆಯ ಚೂರಿನ ತನಕ, ಪಲ್ಯವಿಲ್ಲದೆ, ಮೊಸರಿಲ್ಲದೆ ತಿಂದರು. ಅದು ಹಟವೋ ಪ್ರಾಯಶ್ಚಿತ್ತವೋ ನನಗೆ ಇಂದಿಗೂ ತಿಳಿಯದು. ನಮ್ಮ ಅಪ್ಪನಲ್ಲಿ ಅವೆರಡಕ್ಕೂ ಬಾಗಿಲು ಒಂದೇ.

ಅತಿಥಿಗಳು ಹೋದ ಮೇಲೆ ಅವರು ತಾಯಿಯನ್ನು ಕೇಳಿದರು: “ಯವ್ವಾ, ಇದನ್ನ ನೀ ಯಾವಾಗರ ತಿಂದು ನೋಡಿದ್ದೇನು?”

“ನಾ ಯಾಕ ತಿನ್ನಲಿ? ನಾ ಕೊಡಾಕಿ,” ಎಂದಳು ಆಯಿ. ಹೇಳಿದವಳೇ ಬುಟ್ಟಿಯಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಬಹಳ ಹೊತ್ತು ಅಗಿದಳು. ಆಮೇಲೆ ನನ್ನ ಕಡೆ ಬೆರಳು ತೋರಿಸಿ, “ಸಣ್ಣಾಕಿದ್ದಾಗ ಈಕಿ ಹೇಳಿದ್ಲು. ನಾ ಈಕಿ ಮೈ ತೊಳಿಸಿದೆ,” ಎಂದಳು.

ಇಲ್ಲಿಗೆ ಕತೆ ಮುಗಿಯಬೇಕಿತ್ತು ಎಂದು ಮೃದು ಮನಸ್ಸಿನವರು ಹೇಳಬಹುದು. ಶ್ರೀಮಂತನ ಕಣ್ಣು ತೆರೆಯಿತು, ಇನ್ನೇನು ಬೇಕು? ಕಣ್ಣು ತೆರೆದ ಶ್ರೀಮಂತ ಮೊದಲು ಮಾಡುವ ಕೆಲಸ ಇನ್ನೊಂದು ದಾನ. ಅಪ್ಪನೂ ಅದನ್ನೇ ಮಾಡಿದರು. ಒಂದು ಚೀಲ ಒಳ್ಳೆಯ ಬಿಳಿ ಜೋಳವನ್ನು ಚಕ್ಕಡಿಯಲ್ಲಿ ಹಾಕಿಸಿ ನನ್ನ ಗೆಳತಿಯ ಮನೆಗೆ ಕಳಿಸಿದರು. ನಾನೂ ಜೊತೆಗೆ ಹೋದೆ. ಗೆಳತಿ ವಿಜಾಪುರದಲ್ಲಿದ್ದಳು, ಅವಳ ತಾಯಿ ಬಾಗಿಲಲ್ಲಿ ಕೂತು ಬೇಳೆ ಹಸನು ಮಾಡುತ್ತಿದ್ದಳು. ಚೀಲ ನೋಡಿದಳು, ಏಳಲಿಲ್ಲ.

“ಇದು ಯಾವ ಕೆಲಸದ ಕೂಲಿ, ಯವ್ವಾ?”

“ಹಗೇವು ತಗದದ್ದು ಅಂತ ತಿಳಕೊ.”

“ಹಗೇವು ನಾ ಒಬ್ಬಾಕಿ ತಗದಿಲ್ಲ. ಇಡೀ ಕೇರಿ ತಗದೈತಿ. ಎಲ್ಲರ ಮುಂದ ಇಲ್ಲ ಅಂದದ್ದನ್ನ ಒಬ್ಬಾಕಿ ಮನಿಗೆ ಹಿಂಗ ಸುಮ್ಮಕ ಕಳಿಸಿದ್ರ ನಾಳೆ ನನ್ನ ಮಾರಿ ಯಾರು ನೋಡತಾರ? ಹೊಲಕ್ಕ ಕರೀತೀರೇನು, ಅದನ್ನ ಹೇಳು.”

ಚಕ್ಕಡಿ ತುಂಬಿದಂತೆಯೇ ಹಿಂದಿರುಗಿತು. ಅಪ್ಪ ಈ ಸಲ ನಿಜವಾಗಿ ಸಿಟ್ಟಾದರು. “ಗ್ವಾಡೀದು ಕೊಟ್ಟರೂ ಬ್ಯಾಡ, ನಡುವಿಂದು ಕೊಟ್ಟರೂ ಬ್ಯಾಡ. ಆಕಿಗೆ ಬೇಕಾದದ್ದಾದ್ರೂ ಏನು?”

“ಕಟ್ಟಿ ಮುಂದ ನಿಂತು ಹೇಳ್ಯಾಳಲ್ಲಪ್ಪಾ. ಊರೆಲ್ಲ ಕೇಳೈತಿ. ನೀವೊಬ್ಬರ ಕೇಳಿಲ್ಲ.”

ಆ ವಾರ ಕಣದಲ್ಲಿ ಹೊಸ ಜೋಳದ ರಾಶಿ ಬಿತ್ತು. ತುಂಬಲು ಸಣ್ಣ ಹಗೇವು ಬರಿದಾಗಬೇಕಿತ್ತು. ಮುಂಜಾನೆ ಚಪ್ಪಡಿ ತೆಗೆದರು, ಗಾಳಿ ಆಡಲು ಬಿಟ್ಟರು, ಕಂದೀಲು ಇಳಿಸಿದರು, ದೀಪ ಆರಲಿಲ್ಲ. ಕಾ‍ರಭಾರಿ ಕನಮಡಿಯ ಕಡೆಯಿಂದ ಕಣದ ಕೆಲಸಕ್ಕೆ ಬಂದಿದ್ದ ಆಳುಗಳನ್ನು ಕರೆದು ಇಳಿಯಿರೆಂದ. ಅವರು ಕದಲಲಿಲ್ಲ. ಹಿರಿಯ ಆಳು ಬೀಡಿ ಆರಿಸಿ ಹೇಳಿದ: “ಹೊಲ ಹರಗ್ರಿ ಅಂದ್ರ ಹರಗತೀವಿ, ರಾಶಿ ಮಾಡ್ರಿ ಅಂದ್ರ ಮಾಡತೀವಿ. ಹಗೇವು ಇಳಿಯೂದು ನಮ್ಮ ಕೆಲಸಲ್ರಿ. ಅವರ ಕೆಲಸ.”

“ಕೂಲಿ ಕೊಡತೀವಲೇ.”

“ಕೂಲಿ ಕೊಟ್ಟರೂ ಅವರ ಕೆಲಸನರಿ. ಬೇಕಾರ ನೀವ ಇಳೀರಿ, ಹಗ್ಗ ನಾ ಗಟ್ಟಿ ಹಿಡೀತೀನಿ.”

ಕಾರಭಾರಿ ಹಗೇವಿನ ಬಾಯಲ್ಲಿ ಬಗ್ಗಿ ಒಳಗೆ ನೋಡಿದ. ನೆಟ್ಟಗೆ ನಿಂತು ರುಮಾಲು ಸರಿಪಡಿಸಿಕೊಂಡ. ಆಳುಗಳು ನಕ್ಕರು. ಯಾವ ರೂಢಿ ಒಂದು ಕೇರಿಯನ್ನು ಆ ಗುಂಡಿಗೆ ಇಳಿಸಿತ್ತೋ ಅದೇ ರೂಢಿ ಈಗ ನಮ್ಮ ಜೋಳವನ್ನು ಅದರೊಳಗೆ ಕೂಡಿಹಾಕಿತ್ತು. ಗೋಡೆಜೋಳ ತೇವ ಕುಡಿಯುವುದನ್ನು ನಿಲ್ಲಿಸಿದರೆ ನಡುವಿನ ಜೋಳದ ಹೊಳಪು ಎಷ್ಟು ದಿನ? ಸಂಪತ್ತಿನ ಹೊಣೆಯ ಬಗ್ಗೆ ನಾನು ಧಾರವಾಡದಲ್ಲಿ ಮಾಡಿದ ಭಾಷಣಗಳೆಲ್ಲ ಆ ತೆರೆದ ಬಾಯಿಯ ಮುಂದೆ ಅನಗತ್ಯವಾದವು.

ಅಪ್ಪ ಚಪ್ಪಲಿ ಮೆಟ್ಟಿ ಹೊರಟರು. ಪಡುವಣ ದಿಕ್ಕಿಗೆ ಅವರು ನಡೆದು ಹೋದದ್ದನ್ನು ನಾನು ಅದೇ ಮೊದಲು ಕಂಡದ್ದು, ಹಿಂದೆಯೇ ಹೋದೆ. ಬೇವಿನ ಮರದ ಹತ್ತಿರ ನಿಂತರು. ಮರದ ಆಚೆಗೆ ಅವರ ಕಾಲು ಹೋಗಲಿಲ್ಲ. ಗೆಳತಿಯ ತಾಯಿಯೂ ಅವಳ ಗಂಡನೂ ಮರದ ತನಕ ಬಂದರು. ಮಾತು ಅವಳದೇ.

“ಸಣ್ಣ ಹಗೇವು ತಗೀಬೇಕು,” ಎಂದರು ಅಪ್ಪ.

“ತಗೀತೀವ್ರಿ. ಕೂಲಿ?”

“ನಡುವಿಂದು.”

“ಎಲ್ಲಿ ಅಳೀತೀರಿ?”

“ಎಲ್ಲಿ ಅಳೀಬೇಕು?”

“ಹಗೇವಿನ ಬಾಯಿ ಮುಂದ. ಒಂದ ಬುಟ್ಟಿ ಮನಿಗೆ ಹೋಗೂಕಿಂತ ಮೊದ್ಲ. ಕಟ್ಟಿಗೆ ನಾವು ಬರೂದಿಲ್ರಿ. ಮತ್ತ ದೊಡ್ಡ ಹಗೇವಿಂದೂ ಬಾಕಿ ಐತಿ.”

ಅಪ್ಪ ಮರದ ಕಡೆ ನೋಡಿದರು, ನನ್ನ ಕಡೆ ನೋಡಿದರು. “ಆತು,” ಎಂದರು.

“ಹೊಲದ ಕೆಲಸ?”

“ಅದನ್ನ ಬಂದ್ ಮಾಡಂತ ನಾ ಯಾವಾಗ ಅಂದೀನಿ? ನಾ ಏನೂ ಅಂದಿಲ್ಲ.”

“ನೀವು ಏನೂ ಅನ್ನಲಿಲ್ಲ ಸಾವ್ಕಾರ್ರ. ಅದಕ್ಕ ಬಂದ್ ಆತು.”

ಅಪ್ಪ ಹಗೇವಿನ ಕಡೆ ತಿರುಗಿ ಹೆಜ್ಜೆ ಹಾಕಿದರು. ಆ ಮಾತಿಗೆ ಯಾವ ಧನಿಕನ ಬಳಿ ಉತ್ತರವಿದೆ? ನಾವು ಹೊಡೆಯಲಿಲ್ಲ, ಬೈಯಲಿಲ್ಲ, ಕಿತ್ತುಕೊಳ್ಳಲಿಲ್ಲ ಎಂದು ಹೇಳಿಕೊಳ್ಳುವವರ ಮನೆಗಳು ಈ ದೇಶದಲ್ಲಿ ಸಾಲುಸಾಲಾಗಿವೆ. ಅವರ ಹೆಸರಿನಲ್ಲಿ ಆಗುವ ಅನ್ಯಾಯಕ್ಕೆ ಅವರು ಸುಮ್ಮನಿದ್ದರೆ ಸಾಕು, ಅದು ತಾನೇ ನಡೆಯುತ್ತದೆ. ಆದ್ದರಿಂದ ಅವರ ಮೊದಲ ಹೊಣೆ ಕೊಡುವುದಲ್ಲ, ಬಾಯಿ ಬಿಡುವುದು.

ಅಪ್ಪ ಬಾಯಿ ಬಿಟ್ಟರು. ಹಗೇವಿನ ಹತ್ತಿರ ಹಿಂದಿರುಗಿ, ಕಣದ ಆಳುಗಳೂ ಕೇರಿಯವರೂ ಕೂಡಿದ್ದಾಗ, ಕಾರಭಾರಿಗೆ, “ನಾಳಿಂದ ಇವರೆಲ್ಲಾ ಕೆಲಸಕ್ಕ ಬರತಾರ. ಬಂದ್ ಮಾಡಿದ ದಿನದ ಕೂಲೀನೂ ಹಿಡದು ಕೊಡು,” ಎಂದರು. ಕ್ಷಮೆ ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಅದನ್ನು ನಾನು ಇಂದಿಗೂ ಅವರ ಬಾಕಿ ಎಂದೇ ತಿಳಿದಿದ್ದೇನೆ.

ಬುಟ್ಟಿಗಳು ಮೇಲೆ ಬಂದವು. ಮೊದಲ ಬುಟ್ಟಿಗಳು ಮನೆಗೆ ಹೋಗದೆ ಅಲ್ಲಿಯೇ ಹಾಸಿದ ತಾಡಪತ್ರಿಯ ಮೇಲೆ ಬಿದ್ದವು. ಅಳೆಯುವವರು ಯಾರೆಂದು ಕಾರಭಾರಿ ಅತ್ತಿತ್ತ ನೋಡುತ್ತಿರುವಾಗ ಆಯಿ ಕಟ್ಟೆ ಇಳಿದು ಬಂದಳು. ಮೊಣಕಾಲು ಹಿಡಿದುಕೊಂಡು ನೆಲಕ್ಕೆ ಕೂತಳು. ಮೊರ ತಂದಿರಲಿಲ್ಲ, ಅಳೆಯುವ ಸೇರು ತಂದಿದ್ದಳು. ಎದುರು ಗೆಳತಿಯ ತಾಯಿ ಚೀಲದ ಬಾಯಿ ಹಿಡಿದು ಕೂತಳು. ಇಬ್ಬರ ತಲೆಗಳೂ ಒಂದೇ ಎತ್ತರದಲ್ಲಿದ್ದವು. ಆಯಿ ಸೇರು ತುಂಬಿ, ಅದರ ಮೇಲೆ ಇನ್ನಷ್ಟು ಸುರಿದು ಗೋಪುರ ಮಾಡಿದಳು. ಅಭ್ಯಾಸದ ಕೈ, ಕೊಡುವಾಗ ಸ್ವಲ್ಪ ಹೆಚ್ಚು ಚೆಲ್ಲಿ ಹೆಸರು ಪಡೆಯುವ ಕೈ.

“ಗೋಪುರ ಬ್ಯಾಡ್ರಿ ಅವ್ವಾರ, ಸಪಾಟ ಹಾಕ್ರಿ,” ಎಂದಳು ಅವಳು. “ಹೆಚ್ಚಿಂದು ನಿಮಗ ಇರಲಿ. ಕಡಿಮಿ ಆದ್ರ ಕೇಳತೀನಿ.”

“ಭಾಳ ಶಾಣ್ಯಾಕಿ ಆಗಿದಿ ಬೇ,” ಎಂದಳು ಆಯಿ. ಅಂಗೈಯಿಂದ ಸೇರಿನ ಬಾಯಿ ಸವರಿ ಸಮ ಮಾಡಿದಳು. ಇಬ್ಬರೂ ಮುಗುಳ್ನಕ್ಕದ್ದನ್ನು ನಾನು ನೋಡಿದೆ.

ಅಂದು ಕೆರೆದ ಗೋಡೆಜೋಳವನ್ನು ಎತ್ತುಗಳ ಮುಂದೆ ಸುರಿದರು. ಎತ್ತುಗಳು ಮೂಸಿ ನೋಡಿ ಮುಖ ತಿರುಗಿಸಿದವು. ಅವಕ್ಕೆ ರೂಢಿ ಇರಲಿಲ್ಲ. ಕೊನೆಗೆ ಅದು ತಿಪ್ಪೆ ಸೇರಿ, ಗೊಬ್ಬರವಾಗಿ ಹೊಲಕ್ಕೆ ಹೋಯಿತು.

ಗೆಳತಿಯ ತರಬೇತಿ ನಿಲ್ಲಲಿಲ್ಲ. ಮೊದಲು ಜೈನಾಪುರದಲ್ಲಿ ಕೆಲಸ ಮಾಡಿ, ಈಗ ಎರಡು ವರ್ಷದಿಂದ ಅವಳು ಬಬಲೇಶ್ವರದ ಅದೇ ಶಾಲೆಯಲ್ಲಿ ಪಾಠ ಹೇಳುತ್ತಾಳೆ. ಹೋದ ಬೇಸಿಗೆಯಲ್ಲಿ ಬಸ್ಸು ಹಿಡಿದು ಅವಳನ್ನು ನೋಡಲು ಹೋಗಿದ್ದೆ. ಬಾಗಿಲ ಪಕ್ಕದ ಕಲ್ಲಿನಲ್ಲಿ ಅಪ್ಪನ ಹೆಸರು ಕೊರೆದಿತ್ತು. ಅಂಗಳದ ಫರಸಿ ಬಿಸಿಲಿಗೆ ಹಂಚಿನಂತೆ ಕಾದಿತ್ತು. ಗಂಟೆ ಹೊಡೆದೊಡನೆ ಮಕ್ಕಳು ಬರಿಗಾಲಲ್ಲಿ ಅದನ್ನು ಕುಪ್ಪಳಿಸಿ ದಾಟಿದರು. ಅದೊಂದು ಆಟವೇ ಆಗಿಬಿಟ್ಟಿತ್ತು ಅವರಿಗೆ.

“ನಿಮ್ಮಪ್ಪನ ಕಲ್ಲು ನೋಡು, ಹುಡುಗರ ಕಾಲು ಸುಡಾಕತ್ತಾವ,” ಎಂದಳು ಗೆಳತಿ. “ಕೊಟ್ಟಾವ್ರು ಮಧ್ಯಾಹ್ನದಾಗ ಒಮ್ಮೆ ಬಂದು ಬರಿಗಾಲಲೆ ನಿಂತು ನೋಡಬೇಕಿತ್ತು. ಹೋಗಿ ಹೇಳು.”

“ಹುಡುಗರಿಗೆ ರೂಢಿ ಆಗೈತಿ ಅಂದ್ರ?”

“ಹಂಗಂದ್ರ ನಮ್ಮವ್ವನ್ನ ಕಳಿಸ್ತೀನಿ,” ಎಂದು ನಕ್ಕಳು.

ವಿಜಾಪುರಕ್ಕೆ ಬಂದು ಅಂಗಡಿಯಲ್ಲೇ ಅಪ್ಪನಿಗೆ ಹೇಳಿದೆ. ಗಾದಿಯ ಮೇಲೆ ಕೂತಿದ್ದವರು ಕನ್ನಡಕ ತೆಗೆದರು. “ಆಕಿಗೆ ಬೇಕಾದದ್ದು ಏನು?” ಎಂದು ಕೇಳಿದರು. ಹಿಂದೊಮ್ಮೆ ಸಿಟ್ಟಿನಲ್ಲಿ ಕೇಳಿದ್ದ ಅದೇ ಮಾತು. ಈ ಸಲ ಕೇಳಿ, ಉತ್ತರಕ್ಕೆ ಕಾದರು.

“ಅಂಗಳದ ನಾಕೂ ಕಡೆ ಫರಸಿ ಕಿತ್ತು ಬೇವಿನ ಗಿಡ ಹಚ್ಚಬೇಕಂತ.”

“ಹಚ್ಚೂದೇನು ದೊಡ್ಡದಲ್ಲ. ಬ್ಯಾಸಗಿ ತುಂಬ ನೀರು ಹಾಕಾವ್ರು ಯಾರು?”

“ಹಚ್ಚಿದಾವ್ರು,” ಎಂದೆ.

ಅಪ್ಪ ಕನ್ನಡಕ ಮತ್ತೆ ಏರಿಸಿಕೊಂಡು, ಬಬಲೇಶ್ವರದ ಬಸ್ಸು ಮುಂಜಾನೆ ಎಷ್ಟು ಹೊತ್ತಿಗೆ ಹೊರಡುತ್ತದೆಂದು ಕೇಳಿದರು.